ಹಳೆಯ ಗಣಕಯಂತ್ರದಲ್ಲಿ ಉಳಿದ ಮನೆಯವರ ಪತ್ರಗಳು

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆಂದೂ ಉದ್ಯೋಗಕ್ಕೆಂದೂ ಹೊರನಾಡುಗಳಿಗೆ ಹೋಗಿ ನೆಲೆಸಿ ಇಂದಿಗೆ ಎರಡು ಮೂರು ದಶಕಗಳೇ ಕಳೆದಿವೆ. ಹೋದ ಹೊಸತರಲ್ಲಿ ಅವರು ತಂದೆತಾಯಿಗಳಿಗೆ ಬರೆದ ಕಾಗದಗಳು, ನೀಲಿಯ ಏರೋಗ್ರಾಂಗಳು, ಹಲವು ಮನೆಗಳ ಟ್ರಂಕುಗಳಲ್ಲಿ ದಾರ ಕಟ್ಟಿಸಿಕೊಂಡು ಕ್ಷೇಮವಾಗಿವೆ. ಆದರೆ 1990ರ ದಶಕದ ಕೊನೆಯ ವರ್ಷಗಳಿಂದ ಮುಂದೆ ಅದೇ ಮಕ್ಕಳು ಬರೆದದ್ದು ಇ-ಮೇಲ್ ಮೂಲಕ. ‘ಶರಣು ಶರಣಾರ್ಥಿ’ ಎಂದು ಆರಂಭವಾಗಿ, ಅಲ್ಲಿನ ಹಿಮ, ಅಡುಗೆಯ ಪೇಚು, ಹೊಸ ಕೆಲಸದ ಸಂಬಳ, ಮೊಮ್ಮಗುವಿನ ಮೊದಲ ಮಾತು, ಎಲ್ಲವನ್ನೂ ಹೊತ್ತು ತಂದ ಆ ಪತ್ರಗಳು ಈಗೆಲ್ಲಿವೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಉತ್ತರ ದೊರೆಯುವುದಿಲ್ಲ. ‘ಇಂಟರ್‌ನೆಟ್ಟಿನಲ್ಲಿ ಇರಬೇಕು’ ಎಂದು ಹೇಳುವವರೇ ಹೆಚ್ಚು. ಎಷ್ಟೋ ಸಂದರ್ಭಗಳಲ್ಲಿ ಅವು ಅಲ್ಲಿಲ್ಲ. ಅಟ್ಟದ ಮೇಲೆ ಹೊದಿಕೆ ಹೊದ್ದು ಕುಳಿತಿರುವ, ಗುಜರಿಯವನಿಗೆ ಕೊಡಬೇಕೆಂದು ಎತ್ತಿಟ್ಟಿರುವ ಆ ಹಳೆಯ ಗಣಕಯಂತ್ರದ ಒಳಗೆ, ಅಲ್ಲಿ ಮಾತ್ರ, ಅವು ಇವೆ. ಇದು ಹೇಗಾಯಿತು, ಅವನ್ನು ಹೊರತೆಗೆಯುವ ಬಗೆ ಯಾವುದು ಎಂಬುದನ್ನು ತಿಳಿಯಬೇಕಾದರೆ ಅಂದು ಮನೆಯ ಗಣಕಯಂತ್ರದಲ್ಲಿ ಇ-ಮೇಲ್ ಖಾತೆಯನ್ನು ಹೊಂದಿಸುತ್ತಿದ್ದ ಕ್ರಮವನ್ನೇ ಮೊದಲು ನೋಡಬೇಕು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ಅಂದು ಸರ್ಕಾರಿ ಸ್ವಾಮ್ಯದಲ್ಲಿದ್ದ ವಿದೇಶ ಸಂಚಾರ ನಿಗಮದ ಮೂಲಕ. ವಿ.ಎಸ್.ಎನ್.ಎಲ್. ಎಂದೇ ಹೆಸರಾಗಿದ್ದ ಈ ನಿಗಮ 2002ರಲ್ಲಿ ಟಾಟಾ ಸಮೂಹದ ಕೈಗೆ ಹೋಗಿ, 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂಬ ಹೆಸರು ತಾಳಿತು. ಆರಂಭದಲ್ಲಿ ಕಡಿಮೆ ವೆಚ್ಚದ ಖಾತೆ ಪಡೆದವರಿಗೆ ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಪರದೆ ಮಾತ್ರ ಕಾಣುತ್ತಿತ್ತು. ‘ಪೈನ್’ ಎಂಬ ತಂತ್ರಾಂಶದಲ್ಲಿ ಅವರು ಪತ್ರವನ್ನು ಓದಿ ಬರೆಯುತ್ತಿದ್ದುದು ನಿಗಮದ ಯಂತ್ರದ ಮೇಲೆಯೇ. ಮನೆಯ ಯಂತ್ರ ಕೇವಲ ಕಿಟಕಿ. ಅಲ್ಲಿ ಉಳಿದ ಪತ್ರಗಳು ಆ ಖಾತೆಗಳೊಡನೆಯೇ ಹೋದವು. ಅವುಗಳ ಆಸೆಯನ್ನು ಬಿಡುವುದೇ ಲೇಸು.

ಬಳಿಕ ಮನೆಯ ಯಂತ್ರಕ್ಕೇ ಅಂಚೆಯನ್ನು ತರಿಸಿಕೊಳ್ಳುವ ತಂತ್ರಾಂಶಗಳು ಬಳಕೆಗೆ ಬಂದವು. ಇವುಗಳಲ್ಲಿ ಹಿರಿಯದು ‘ಯುಡೋರ’. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಟೀವ್ ಡಾರ್ನರ್ ಎಂಬುವರು 1988ರಲ್ಲಿ ಅದನ್ನು ರಚಿಸಿದರು. ಸಾಹಿತ್ಯಾಸಕ್ತರಿಗೆ ಅದರ ಹೆಸರಿನ ಮೂಲ ರುಚಿಸಬಹುದು: ಅಂಚೆ ಕಚೇರಿಯಲ್ಲೇ ವಾಸಕ್ಕೆ ನಿಂತ ಒಬ್ಬ ಹೆಣ್ಣುಮಗಳ ಕಥೆಯನ್ನು ಬರೆದ ಲೇಖಕಿ ಯುಡೋರ ವೆಲ್ಟಿ ಅವರ ಹೆಸರನ್ನೇ ಡಾರ್ನರ್ ತಮ್ಮ ತಂತ್ರಾಂಶಕ್ಕೆ ಇಟ್ಟರು. ಆದರೆ ನಮ್ಮ ಮನೆಗಳಲ್ಲಿ ಹೆಚ್ಚು ಕಂಡದ್ದು ಮೈಕ್ರೋಸಾಫ್ಟ್ ಸಂಸ್ಥೆಯ ‘ಔಟ್‌ಲುಕ್ ಎಕ್ಸ್‌ಪ್ರೆಸ್’. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ 4ನೆಯ ಆವೃತ್ತಿಯೊಡನೆ ಹೊರಬಂದ ಇದು ಮುಂದೆ ವಿಂಡೋಸ್ 98ರಲ್ಲಿಯೂ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಯಂತ್ರದೊಡನೆಯೇ ಬರುತ್ತಿತ್ತು. ಬೇರೆ ಖರ್ಚಿರಲಿಲ್ಲ, ಅಂಗಡಿಯವನು ಯಂತ್ರವನ್ನು ಜೋಡಿಸಿಕೊಟ್ಟ ದಿನವೇ ಅದೂ ಸಿದ್ಧ.

ಅಂದಿನ ಪರಿಸ್ಥಿತಿಗೆ ಇದು ಹೇಳಿ ಮಾಡಿಸಿದಂತಿತ್ತು. ದೂರವಾಣಿಯ ತಂತಿಯಲ್ಲೇ ಅಂತರಜಾಲ ಬರುತ್ತಿದ್ದ ಕಾಲವದು. ಸಂಪರ್ಕ ಇದ್ದಷ್ಟು ಹೊತ್ತೂ ದೂರವಾಣಿಯ ಬಿಲ್ಲು ಏರುತ್ತಿತ್ತು, ಮನೆಗೆ ಬೇರೆ ಕರೆ ಬರುತ್ತಿರಲಿಲ್ಲ. ಆದ್ದರಿಂದ ಒಮ್ಮೆ ಸಂಪರ್ಕಿಸಿ, ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಂಡು, ಬರೆದಿಟ್ಟವನ್ನು ಕಳುಹಿಸಿ, ತಂತಿಯನ್ನು ಬಿಟ್ಟುಕೊಟ್ಟು, ಆಮೇಲೆ ನಿಧಾನವಾಗಿ ಓದುವುದೇ ಜಾಣತನ. ಕಳುಹಿಸಿ ಪಡೆದ ಕೂಡಲೇ ಸಂಪರ್ಕವನ್ನು ತಾನಾಗಿ ಕಡಿದುಬಿಡುವ ಆಯ್ಕೆಯೂ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಇತ್ತು.

ಖಾತೆಯನ್ನು ಹೊಂದಿಸುವಾಗ ‘ಟೂಲ್ಸ್’ ಎಂಬಲ್ಲಿ ‘ಅಕೌಂಟ್ಸ್’, ಅಲ್ಲಿಂದ ‘ಆಡ್’, ಮತ್ತೆ ‘ಮೇಲ್’ ಎಂದು ಒತ್ತಿದರೆ ತಂತ್ರಾಂಶ ಒಂದೊಂದಾಗಿ ಪ್ರಶ್ನೆ ಕೇಳುತ್ತಿತ್ತು. ಮೊದಲ ಪ್ರಶ್ನೆ ಹೆಸರು. ಪತ್ರ ತಲುಪಿದವರಿಗೆ ಕಳುಹಿಸಿದವರೆಂದು ಕಾಣುವುದು ಈ ಹೆಸರೇ. ಜೋಡಿಸಿಕೊಟ್ಟವನು ಅಲ್ಲಿ ತನಗೆ ತೋಚಿದ್ದನ್ನು ತುಂಬಿಹೋದ ಕಾರಣ, ಅಂಗಡಿಯ ಹೆಸರಿನಲ್ಲೇ ವರ್ಷಗಟ್ಟಲೆ ಬೀಗರಿಗೆ ಪತ್ರ ಬರೆದ ಹಿರಿಯರೂ ಇದ್ದಾರೆ! ಎರಡನೆಯದು ಇ-ಮೇಲ್ ವಿಳಾಸ. ಬೆಂಗಳೂರಿನ ವಿ.ಎಸ್.ಎನ್.ಎಲ್. ಗ್ರಾಹಕರ ವಿಳಾಸದಲ್ಲಿ ಊರಿನ ಗುರುತಾಗಿ ‘ಬಿಜಿಎಲ್’ ಎಂಬ ಮೂರಕ್ಷರ ಬರುತ್ತಿದ್ದುದು ಕೆಲವು ಓದುಗರಿಗೆ ನೆನಪಿರಬಹುದು.

ಮೂರನೆಯ ಪ್ರಶ್ನೆಯಲ್ಲಿ ಬಹಳ ಜನ ತಡವರಿಸುತ್ತಿದ್ದರು. ಒಳಬರುವ ಅಂಚೆಯ ಸರ್ವರ್ ಯಾವ ಬಗೆಯದು, ಅದರ ಹೆಸರೇನು, ಹೊರಹೋಗುವ ಅಂಚೆಯದು ಯಾವುದು? ಅಂಚೆ ಕಚೇರಿಯ ವ್ಯವಹಾರವನ್ನು ಬಲ್ಲ ನಮ್ಮ ಓದುಗರಿಗೆ ಇದು ಕಠಿಣವೇನಲ್ಲ. ಹೊರಹೋಗುವ ಸರ್ವರ್ ಎಂದರೆ ಬೀದಿಯ ಕೆಂಪು ಪೆಟ್ಟಿಗೆ. ನಾವು ಹಾಕಿದ್ದನ್ನು ಮುಂದಕ್ಕೆ ಸಾಗಿಸುವುದಷ್ಟೇ ಅದರ ಕೆಲಸ. ಎಸ್.ಎಂ.ಟಿ.ಪಿ. ಎಂಬ ಇದರ ನಿಯಮಾವಳಿ 1982ರಷ್ಟು ಹಳೆಯದು. ಒಳಬರುವ ಸರ್ವರ್ ನಮ್ಮ ಪಾಲಿನ ಪತ್ರಗಳನ್ನು ಕೂಡಿಡುವ ಅಂಚೆ ಕಚೇರಿ. ಅಲ್ಲಿಂದ ಪತ್ರವನ್ನು ಪಡೆಯುವ ಕ್ರಮ ಎರಡು ಬಗೆ. ‘ಪಾಪ್’ ಎಂಬ ಕ್ರಮದಲ್ಲಿ ಕಚೇರಿಗೆ ಹೋಗಿ ಪತ್ರಗಳನ್ನು ಎತ್ತಿಕೊಂಡು ಮನೆಗೆ ತರುತ್ತೇವೆ. ಕಚೇರಿಯ ಗೂಡು ಬರಿದಾಗುತ್ತದೆ. ಪೋಸ್ಟ್ ಆಫೀಸ್ ಪ್ರೊಟೊಕಾಲ್ ಎಂಬುದೇ ಅದರ ಪೂರ್ಣ ಹೆಸರು. ‘ಐಮ್ಯಾಪ್’ ಎಂಬ ಕ್ರಮದಲ್ಲಿ ಪತ್ರಗಳು ಕಚೇರಿಯಲ್ಲೇ ಇರುತ್ತವೆ. ಮನೆಯಿಂದಲೋ ಅಂಗಡಿಯಿಂದಲೋ ನೋಡಿದರೂ ಅದೇ ಕಟ್ಟು ಕಾಣುತ್ತದೆ. ಸರ್ವರಿನಲ್ಲಿ ಪ್ರತಿಯೊಬ್ಬರಿಗೆ ದೊರೆಯುತ್ತಿದ್ದ ಜಾಗ ಅತ್ಯಲ್ಪವಾಗಿದ್ದ ಆ ದಿನಗಳಲ್ಲಿ ಹೆಚ್ಚಿನವರು ಆರಿಸಿದ್ದು ಪಾಪ್ ಕ್ರಮವನ್ನು.

ಕೊನೆಯದಾಗಿ ಖಾತೆಯ ಹೆಸರು, ಗುಪ್ತಪದ. ಖಾತೆಯ ಹೆಸರೆಂದರೆ ಕೆಲವು ಸಂಸ್ಥೆಗಳಿಗೆ ವಿಳಾಸದ ಮೊದಲ ಭಾಗ ಮಾತ್ರ, ಕೆಲವಕ್ಕೆ ಪೂರ್ತಿ ವಿಳಾಸ. ಗುಪ್ತಪದ ಸರಿಯಿದ್ದರೂ ಬಾಗಿಲು ತೆರೆಯದಿದ್ದರೆ ದೋಷ ಬಹುಮಟ್ಟಿಗೆ ಇಲ್ಲಿಯೇ ಇರುತ್ತಿತ್ತು. ಇಷ್ಟಾದರೆ ಖಾತೆ ಸಿದ್ಧವೆಂದು ಎಲ್ಲರೂ ಎದ್ದುಬಿಡುತ್ತಿದ್ದರು. ಪತ್ರ ಬರುತ್ತಿತ್ತು, ಹೋಗುತ್ತಿತ್ತು. ಕೆಲವರಿಗೆ ಬರುವುದು ಸರಿಯಾಗಿದ್ದು ಹೋಗುವುದು ಮಾತ್ರ ನಿಂತುಬಿಡುತ್ತಿತ್ತು. ಮೊದಮೊದಲು ಯಾರು ಬೇಕಾದರೂ ಕೆಂಪು ಪೆಟ್ಟಿಗೆಗೆ ಪತ್ರ ಹಾಕಬಹುದಾಗಿದ್ದುದನ್ನು ಜಾಹೀರಾತು ಕಳುಹಿಸುವವರು ದುರುಪಯೋಗಪಡಿಸಿಕೊಂಡುದರಿಂದ, ಹೊರಹೋಗುವ ಸರ್ವರುಗಳೂ ಹೆಸರು ಮತ್ತು ಗುಪ್ತಪದವನ್ನು ಕೇಳತೊಡಗಿದವು. ಅದಕ್ಕಾಗಿ ‘ಸರ್ವರ್ಸ್’ ಎಂಬ ಪುಟದಲ್ಲಿ ಒಂದು ಗುರುತು ಹಾಕಬೇಕಾಗಿತ್ತು. ಪತ್ರ ಸಾಗಿಸುವ ದ್ವಾರದ ಸಂಖ್ಯೆಯೂ 25ರಿಂದ 587ಕ್ಕೋ 465ಕ್ಕೋ ಬದಲಾಯಿತು.

ಆದರೆ ನಾವು ಓದುಗರ ಗಮನವನ್ನು ಸೆಳೆಯಬೇಕಾದದ್ದು ಇನ್ನೊಂದು ಗುರುತಿನ ಕಡೆಗೆ. ಖಾತೆಯ ‘ಪ್ರಾಪರ್ಟೀಸ್’ನಲ್ಲಿ ‘ಅಡ್ವಾನ್ಸ್‌ಡ್’ ಎಂಬ ಪುಟದ ತಳಭಾಗದಲ್ಲಿ, ಪತ್ರಗಳ ಪ್ರತಿಯೊಂದನ್ನು ಸರ್ವರಿನಲ್ಲಿಯೂ ಉಳಿಸಬೇಕೇ ಎಂದು ಕೇಳುವ ಪುಟ್ಟ ಚೌಕವಿತ್ತು. ತಂತ್ರಾಂಶ ಬಂದಾಗ ಆ ಚೌಕ ಖಾಲಿ. ಖಾಲಿಯೆಂದರೆ, ಪತ್ರವನ್ನು ಮನೆಗೆ ಇಳಿಸಿದ ಒಡನೆ ಕಚೇರಿಯ ಪ್ರತಿಯನ್ನು ಅಳಿಸು ಎಂದರ್ಥ. ಖಾತೆ ಹೊಂದಿಸಿಕೊಟ್ಟವರಲ್ಲಿ ಆ ಪುಟದವರೆಗೆ ಹೋದವರು ವಿರಳ. ಹೀಗಾಗಿ ಮಗನೋ ಮಗಳೋ ಬರೆದ ಪತ್ರದ ಒಂದೇ ಒಂದು ಪ್ರತಿ ತಂದೆಯ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಉಳಿಯಿತು. ಕಚೇರಿಯಲ್ಲಿಯೂ ಅದೇ ಖಾತೆಯನ್ನು ಹೊಂದಿಸಿಕೊಂಡಿದ್ದವರ ಪಾಡು ಇನ್ನೂ ವಿಚಿತ್ರ. ಹಗಲು ಬಂದ ಪತ್ರಗಳು ಕಚೇರಿಯ ಯಂತ್ರಕ್ಕೆ, ಇರುಳು ಬಂದವು ಮನೆಯ ಯಂತ್ರಕ್ಕೆ ಹಂಚಿಹೋಗಿ, ಪ್ರಶ್ನೆ ಒಂದು ಕಡೆ, ಉತ್ತರ ಮತ್ತೊಂದು ಕಡೆ ಆಯಿತು.

ಹೋಗಲಿ, ಆ ಹಳೆಯ ಯಂತ್ರವನ್ನೇ ಮತ್ತೆ ಹಚ್ಚಿ ಇಂದಿನ ಖಾತೆಯನ್ನು ಅದರಲ್ಲಿ ಹೊಂದಿಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೇಡವೆಂದೇ ನಮ್ಮ ಸಲಹೆ. ವಿಂಡೋಸ್ ಎಕ್ಸ್‌ಪಿಗೆ ಭದ್ರತೆಯ ಪರಿಷ್ಕರಣೆಗಳು 2014ರ ಏಪ್ರಿಲ್ 8ಕ್ಕೆ ನಿಂತವು. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ ಉತ್ತರಾಧಿಕಾರಿಯಾಗಿ ಬಂದ ವಿಂಡೋಸ್ ಲೈವ್ ಮೇಲ್‌ಗೂ 2017ರ ಜನವರಿ 10ರಂದು ಬೆಂಬಲ ಮುಗಿಯಿತು. ಪತ್ರ ಸಾಗುವ ದಾರಿಯಲ್ಲಿ ಅದನ್ನು ಮುಚ್ಚಿಡುವ ಗೂಢಲಿಪಿಯ ಹಳೆಯ ಕ್ರಮಗಳನ್ನು ಅಂತರಜಾಲದ ನಿಯಮ ರೂಪಿಸುವವರು 2021ರಲ್ಲಿ ತ್ಯಜಿಸಿದರು; ಎಕ್ಸ್‌ಪಿಗೆ ಬರುವುದು ಆ ಹಳೆಯ ಕ್ರಮಗಳೇ. ಮೇಲಾಗಿ ಗೂಗಲ್ ಸಂಸ್ಥೆ 2022ರ ಮೇ 30ರಿಂದ, ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ, ಬರಿಯ ಹೆಸರು ಮತ್ತು ಸಾಮಾನ್ಯ ಗುಪ್ತಪದವನ್ನು ಕೊಟ್ಟು ಬಾಗಿಲು ತಟ್ಟುವ ಹಳೆಯ ತಂತ್ರಾಂಶಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿದವು.

ಮನೆಯ ಗಣಕಯಂತ್ರದಲ್ಲಿಯೇ ಅಂಚೆಯನ್ನು ಇಟ್ಟುಕೊಳ್ಳುವ ರೂಢಿ ಬಿಡಲಾಗದ ಹಿರಿಯರಿಗೆ ‘ಥಂಡರ್‌ಬರ್ಡ್’ ಎಂಬ ಉಚಿತ ತಂತ್ರಾಂಶವಿದೆ. ಅದರ ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂದಿತು. ಇಂದಿಗೂ ಅದರ ಪೋಷಣೆ ನಡೆದಿದೆ. ಹೆಸರು ಮತ್ತು ವಿಳಾಸವನ್ನು ಕೊಟ್ಟರೆ ಪ್ರಸಿದ್ಧ ಸಂಸ್ಥೆಗಳ ಸರ್ವರಿನ ಹೆಸರು, ದ್ವಾರದ ಸಂಖ್ಯೆಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಜಿಮೇಲ್ ಆದರೆ ಗೂಗಲಿನ ಪುಟವೇ ತೆರೆದು ಒಪ್ಪಿಗೆ ಕೇಳುತ್ತದೆ. ಅಲ್ಲಿ ಐಮ್ಯಾಪ್ ಕ್ರಮವನ್ನೇ ಆರಿಸುವುದು ಯೋಗ್ಯ. ಆದರೆ ಅದಕ್ಕೂ ಒಂದು ಎಚ್ಚರ ಬೇಕು: ಐಮ್ಯಾಪಿನಲ್ಲಿ ಮನೆಯ ಯಂತ್ರದಿಂದ ಅಳಿಸಿದ ಪತ್ರ ಎಲ್ಲೆಡೆಯೂ ಅಳಿಯುತ್ತದೆ. ಗೂಗಲ್ ಸಂಸ್ಥೆಯಂತೂ 2 ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹಿರಿಯರೊಬ್ಬರು ಲಿಂಗೈಕ್ಯರಾದ ಮೇಲೆ ಅವರ ಖಾತೆಯನ್ನು ಯಾರೂ ತೆರೆಯದೆ ಬಿಟ್ಟರೆ ಪತ್ರಗಳೂ ಚಿತ್ರಗಳೂ ಒಟ್ಟಿಗೆ ಹೋಗಬಹುದು. ಆದ್ದರಿಂದ ಬೇಕಾದ ಪತ್ರಗಳನ್ನು ಥಂಡರ್‌ಬರ್ಡಿನ ‘ಲೋಕಲ್ ಫೋಲ್ಡರ್ಸ್’ ಎಂಬ ಭಾಗಕ್ಕೆ ನಕಲು ಮಾಡಿಟ್ಟರೆ ಮನೆಯಲ್ಲಿಯೂ ಒಂದು ಪ್ರತಿ ಉಳಿಯುತ್ತದೆ. ತಾವು ಖಾತೆಯನ್ನು ಬಳಸದೆ ಹೋದ ಪಕ್ಷದಲ್ಲಿ ಅದರ ವಿಷಯವನ್ನು ಯಾರಿಗೆ ತಲುಪಿಸಬೇಕೆಂದು ಮೊದಲೇ ಬರೆದಿಡುವ ಅನುಕೂಲವೂ ಗೂಗಲಿನಲ್ಲಿದೆ. ಬದುಕಿರುವಾಗಲೇ ಖಾತೆದಾರರು ಅದನ್ನು ಹೊಂದಿಸಬೇಕಷ್ಟೆ.

ಈಗ ಅಟ್ಟದ ಮೇಲಿನ ಯಂತ್ರದ ವಿಚಾರ. ಅದನ್ನು ಕೆಳಗಿಳಿಸಿ ಚಾಲೂ ಮಾಡುವುದಾದರೆ ಅಂತರಜಾಲಕ್ಕೆ ಜೋಡಿಸಬಾರದು. ಔಟ್‌ಲುಕ್ ಎಕ್ಸ್‌ಪ್ರೆಸ್ಸನ್ನು ಮುಚ್ಚುವಾಗ, ಜಾಗ ಉಳಿಸಲು ಪತ್ರಗಳನ್ನು ಅಡಕಗೊಳಿಸಲೇ ಎಂದು ಅದು ಕೆಲವೊಮ್ಮೆ ಕೇಳುತ್ತದೆ. ಎಕ್ಸ್‌ಪಿಯ 2ನೆಯ ಪರಿಷ್ಕರಣೆಯ ತರುವಾಯ 100 ಬಾರಿ ಮುಚ್ಚಿದ ಮೇಲೆ ಈ ಪ್ರಶ್ನೆ ಬರುವಂತೆ ಮಾಡಲಾಗಿತ್ತು. ಒಪ್ಪದಿರುವುದೇ ಕ್ಷೇಮ. ಈ ಕೆಲಸ ನಡೆಯುವಾಗ ವಿದ್ಯುತ್ತು ಹೋದರೆ ಪತ್ರಗಳಿಗೆ ಅಪಾಯ. ನಮ್ಮ ಊರುಗಳ ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಪತ್ರಗಳನ್ನು ಹೊರತರುವ ಸುಲಭ ಮಾರ್ಗವೆಂದರೆ, ಡೆಸ್ಕ್‌ಟಾಪಿನ ಮೇಲೆ ಹೊಸ ಫೋಲ್ಡರೊಂದನ್ನು ತೆರೆದಿಟ್ಟು, ‘ಇನ್‌ಬಾಕ್ಸ್’ನ ಪತ್ರಗಳನ್ನೆಲ್ಲ ಒಮ್ಮೆಗೆ ಆರಿಸಿ, ಮೌಸಿನಿಂದ ಎಳೆದು ಅದರೊಳಗೆ ಬಿಡುವುದು. ಒಂದೊಂದು ಪತ್ರವೂ ‘ಇಎಂಎಲ್’ ಎಂಬ ಬಗೆಯ ಪ್ರತ್ಯೇಕ ಕಡತವಾಗುತ್ತದೆ. ಜೊತೆಗೆ ಬಂದ ಚಿತ್ರಗಳು ಅದರೊಳಗೇ ಅಡಗಿರುತ್ತವೆ. ಈ ಕಡತಗಳನ್ನು ಥಂಡರ್‌ಬರ್ಡ್ ತೆರೆಯಬಲ್ಲದು. ‘ಸೆಂಟ್ ಐಟಮ್ಸ್’ ಎಂಬ ಭಾಗವನ್ನೂ ಮರೆಯದೆ ಹೀಗೆಯೇ ಎಳೆದಿಡಬೇಕು. ಮಗನ ಪತ್ರಗಳು ಅವನ ಬಳಿಯೂ ಇದ್ದಾವು; ತಂದೆತಾಯಿಗಳು ಅವನಿಗೆ ಬರೆದದ್ದು ಇರುವುದು ಈ ಭಾಗದಲ್ಲಿ.

ಯಂತ್ರವೇ ಚಾಲೂ ಆಗದಿದ್ದರೆ ಎದೆಗುಂದಬೇಕಾಗಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿಸಿ, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಹಚ್ಚಿದರೆ ಬಹುಪಾಲು ಅದು ಓದಲು ಸಿಗುತ್ತದೆ. ಪತ್ರಗಳು ‘ಡಿಬಿಎಕ್ಸ್’ ಎಂಬ ಬಗೆಯ ಕಡತಗಳಲ್ಲಿರುತ್ತವೆ. ಎಕ್ಸ್‌ಪಿಯಲ್ಲಿ ಅವು ಇರುವ ಜಾಗ ಮಾತ್ರ ಮನೆಯ ಹಿತ್ತಿಲ ಮೂಲೆಯಂತೆ ಕಣ್ಣಿಗೆ ಬೀಳದ್ದು: ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಒಳಗೆ ಬಳಕೆದಾರರ ಹೆಸರು, ಅದರೊಳಗೆ ‘ಲೋಕಲ್ ಸೆಟ್ಟಿಂಗ್ಸ್’, ‘ಅಪ್ಲಿಕೇಷನ್ ಡೇಟಾ’, ಆಮೇಲೆ ‘ಐಡೆಂಟಿಟೀಸ್’. ಲೋಕಲ್ ಸೆಟ್ಟಿಂಗ್ಸ್ ಎಂಬುದು ಮರೆಮಾಡಿಟ್ಟ ಫೋಲ್ಡರಾದ್ದರಿಂದ, ಅಂಥವನ್ನು ತೋರಿಸುವಂತೆ ಯಂತ್ರಕ್ಕೆ ಮೊದಲು ಆಜ್ಞೆ ಕೊಡಬೇಕು. ‘ನನ್ನ ದಾಖಲೆಗಳನ್ನೆಲ್ಲ ನಕಲು ಮಾಡಿಕೊಡು’ ಎಂದು ರಿಪೇರಿಯವನಿಗೆ ಹೇಳಿದರೆ ಅವನು ‘ಮೈ ಡಾಕ್ಯುಮೆಂಟ್ಸ್’ ಒಂದನ್ನೇ ನಕಲು ಮಾಡಿ, ಪತ್ರಗಳಿದ್ದ ಡಿಸ್ಕನ್ನು ಅಳಿಸಿಬಿಡುವ ಸಂಭವವೇ ಹೆಚ್ಚು. ಜಾಗವನ್ನು ಚೀಟಿಯಲ್ಲಿ ಬರೆದುಕೊಟ್ಟು, ನಕಲಾದುದನ್ನು ಕಣ್ಣಾರೆ ನೋಡಿದ ಮೇಲೆಯೇ ಉಳಿದ ಮಾತು. ಯುಡೋರ ಬಳಸಿದವರ ಕೆಲಸ ಇದಕ್ಕಿಂತ ಸರಳ. ಅದರಲ್ಲಿ ಪತ್ರಗಳು ಸಾದಾ ಅಕ್ಷರದ ಕಡತಗಳಾಗಿಯೂ, ಜೊತೆಗೆ ಬಂದ ಚಿತ್ರಗಳು ಬೇರೊಂದು ಫೋಲ್ಡರಿನಲ್ಲಿಯೂ ಇರುತ್ತವೆ. ಎರಡನ್ನೂ ತೆಗೆದುಕೊಳ್ಳಬೇಕು.

ಮೇಲೆ ಹೇಳಿದ ‘ಐಡೆಂಟಿಟೀಸ್’ ಎಂಬುದರ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಇಡೀ ಮನೆಗೆ ಒಂದೇ ಯಂತ್ರವಿದ್ದ ಕಾಲದಲ್ಲಿ, ಮನೆಯ ಪ್ರತಿಯೊಬ್ಬರೂ ತಮ್ಮ ಪತ್ರಗಳನ್ನು ಬೇರೆಯಾಗಿ ಇಟ್ಟುಕೊಳ್ಳಲೆಂದು ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ 5ನೆಯ ಆವೃತ್ತಿಯಲ್ಲಿ ಈ ಏರ್ಪಾಡು ಇತ್ತು. ತಂದೆಗೊಂದು, ತಾಯಿಗೊಂದು, ಕಾಲೇಜಿಗೆ ಹೋಗುವ ಮಗಳಿಗೊಂದು ಐಡೆಂಟಿಟಿ. ಪ್ರತಿಯೊಂದಕ್ಕೂ ಅದರದೇ ಖಾತೆ, ಅದರದೇ ಗುಪ್ತಪದ. ಕೂಡುಕುಟುಂಬಗಳಿಗೆ ಇದಕ್ಕಿಂತ ಒಪ್ಪುವ ಅನುಕೂಲ ಬೇರೆ ತಂತ್ರಾಂಶದಲ್ಲಿ ನಮಗೆ ಕಂಡಿಲ್ಲ. ಡಿಸ್ಕಿನೊಳಗೆ ಒಬ್ಬೊಬ್ಬರ ಪತ್ರಗಳೂ ಒಂದೊಂದು ಪ್ರತ್ಯೇಕ ಫೋಲ್ಡರಿನಲ್ಲಿ ಇರುತ್ತವೆ. ಅದಕ್ಕೆ ಮನುಷ್ಯರ ಹೆಸರಿರದೆ, ಬಳ್ಳಿಕಂಸದೊಳಗೆ ಅಂಕಿ ಅಕ್ಷರಗಳ ಉದ್ದನೆಯ ಸಾಲಿರುತ್ತದೆ. ನಕಲು ಮಾಡುವವರು ಮೊದಲು ಕಂಡ ಒಂದನ್ನು ತೆಗೆದುಕೊಂಡು ಎದ್ದರೆ ಯಜಮಾನರ ಬ್ಯಾಂಕು, ಷೇರು, ವಿಮೆಯ ಪತ್ರಗಳು ಬಂದಾವು; ತಾಯಿಗೆ ಮಗಳು ಬರೆದವು ಅಲ್ಲೇ ಉಳಿದು ಗುಜರಿಗೆ ಹೋಗುತ್ತವೆ. ಬಾಣಂತನದ ಔಷಧ, ಹೋಳಿಗೆಯ ಹದ, ಪರದೇಶದಲ್ಲಿ ಒಂಟಿತನದ ದಿನಗಳು ಇವೆಲ್ಲ ತಾಯಿಯ ಭಾಗದಲ್ಲಿಯೇ ಇರತಕ್ಕವು. ‘ಐಡೆಂಟಿಟೀಸ್’ ಫೋಲ್ಡರನ್ನು ಇಡಿಯಾಗಿಯೇ ನಕಲು ಮಾಡಿಸಿಕೊಳ್ಳಬೇಕು. ವಿಳಾಸಪುಸ್ತಕ ‘ಡಬ್ಲ್ಯುಎಬಿ’ ಎಂಬ ಬೇರೆಯದೇ ಕಡತದಲ್ಲಿ, ಬೇರೊಂದು ಜಾಗದಲ್ಲಿ ಇರುತ್ತದೆ. ಅದನ್ನೂ ಹುಡುಕಿಸಬೇಕು.

ಐಡೆಂಟಿಟಿಯ ಗುಪ್ತಪದ ಮರೆತುಹೋಗಿದೆಯೆಂದು ಕೈಬಿಡುವವರಿದ್ದಾರೆ. ಆ ಗುಪ್ತಪದ ತಂತ್ರಾಂಶದ ಬಾಗಿಲಿಗೆ ಇಳಿಬಿಟ್ಟ ಪರದೆಯಷ್ಟೆ. ಡಿಬಿಎಕ್ಸ್ ಕಡತಕ್ಕೆ ಅದರಿಂದ ಬೀಗ ಬೀಳುವುದಿಲ್ಲ. ಗುಪ್ತಪದವಿಲ್ಲದೆಯೂ ಪತ್ರಗಳನ್ನು ಹೊರತರಬಹುದು. ಅಂದಮಾತ್ರಕ್ಕೆ ಬೇರೊಬ್ಬರ ಪತ್ರಗಳನ್ನು ಅವರು ನಮ್ಮೊಡನೆ ಇರುವಾಗಲೇ ಅವರನ್ನು ಕೇಳದೆ ತೆರೆದು ಓದುವುದು ಮನೆಯವರಿಗೆ ಒಪ್ಪುವ ನಡತೆಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹೊರತಂದು ಅವರ ಕೈಗೇ ಕೊಡೋಣ.

ಹೀಗೆ ದೊರೆತ ಪತ್ರಗಳಲ್ಲಿ ಕೆಲವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಕೆಟ್ಟುಹೋದವೆಂದು ಅಳಿಸಬಾರದು. ಅವು ಕನ್ನಡದಲ್ಲಿ ಬರೆದ ಪತ್ರಗಳಿರಬಹುದು. ಯೂನಿಕೋಡ್ ಕನ್ನಡ ಮನೆಮನೆಗೆ ಬರುವ ಮೊದಲು, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ‘ಶ್ರೀಲಿಪಿ’ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಬರೆದವರ ಯಂತ್ರದಲ್ಲಿದ್ದ ಅಕ್ಷರಮಾಲೆಯೇ ಓದುವವರ ಯಂತ್ರದಲ್ಲಿಯೂ ಇದ್ದರೆ ಮಾತ್ರ ಕನ್ನಡ ಕಾಣುತ್ತಿತ್ತು. ಅಂಥ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿ ದೊರೆಯುತ್ತವೆ. ಆದರೆ ಯಾವ ಅಕ್ಷರಮಾಲೆಯಲ್ಲಿ ಬರೆದದ್ದೆಂದು ಗೊತ್ತಿದ್ದರೆ ಮಾತ್ರ ಪರಿವರ್ತನೆ ಸರಿಯಾಗುತ್ತದೆ. ಆದ್ದರಿಂದ ಹಳೆಯ ಡಿಸ್ಕನ್ನು ಕೈಬಿಡುವ ಮುಂಚೆ ಅದರ ವಿಂಡೋಸ್ ಫೋಲ್ಡರಿನಲ್ಲಿರುವ ‘ಫಾಂಟ್ಸ್’ ಎಂಬುದನ್ನು ತೆರೆದು, ಅಲ್ಲಿರುವ ಕನ್ನಡದ ಅಕ್ಷರಮಾಲೆಗಳನ್ನೆಲ್ಲ ಪತ್ರಗಳ ಪಕ್ಕದಲ್ಲಿಯೇ ನಕಲು ಮಾಡಿಸಿಟ್ಟುಕೊಳ್ಳುವುದು.